ಒಂದನೇ ತಾರೀಖಿನಿಂದ ಪಿವಟ್

ಆ ತಕ್ಕಡಿ ಕಾರ್ಖಾನೆಯಲ್ಲಿ ಇಪ್ಪತ್ತೆರಡು ಜನ ಕೆಲಸ ಮಾಡುತ್ತಿದ್ದರು. ಇಪ್ಪತ್ತೊಂದು ಜನ ಒಂದು ಕಡೆ, ಸಾಣೆಯಕ್ಕ ಒಬ್ಬಳೇ ಇನ್ನೊಂದು ಕಡೆ. ಜಗಳವೇನೂ ಇರಲಿಲ್ಲ. ಅವಳ ಕೆಲಸಕ್ಕೆ ಒಳ್ಳೆಯ ಬೆಳಕು ಬೇಕಿತ್ತು, ದೊಡ್ಡ ಕಿಟಕಿ ಇದ್ದದ್ದು ಹಿಂದಿನ ಮೂಲೆಯಲ್ಲಿ, ಅಷ್ಟೇ.

ಅವಳು ಮಾಡುತ್ತಿದ್ದದ್ದು ಪಿವಟ್. ತಕ್ಕಡಿಯ ಅಡ್ಡದಂಡದ ನಟ್ಟನಡುವೆ ಒಂದು, ತಟ್ಟೆಗಳು ತೂಗುವ ಎರಡು ತುದಿಗೆ ಒಂದೊಂದು, ಹೀಗೆ ಮೂರು ಉಕ್ಕಿನ ತುಂಡು ಇರುತ್ತವೆ. ಬೆರಳಿನ ಗೆಣ್ಣಿನಷ್ಟು ಉದ್ದ, ಮೂರು ಮೂಲೆ, ಒಂದು ಅಂಚು ಮಾತ್ರ ಚಾಕುವಿನ ಹಾಗೆ ಚೂಪು. ಇಡೀ ತಕ್ಕಡಿ ಆ ಅಂಚಿನ ಮೇಲೆ ನಿಂತು ತೂಗಬೇಕು. ಅಂಚು ಮೊಂಡಾದರೆ ತಕ್ಕಡಿ ಸೋಮಾರಿಯಾಗುತ್ತದೆ, ಒಂದು ಕಡೆ ವಾಲಿದ್ದು ಎದ್ದು ಬರಲು ಮೀನ ಮೇಷ ಎಣಿಸುತ್ತದೆ. ಸಾಣೆಯಕ್ಕ ಉಕ್ಕನ್ನು ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಸಾಣೆಕಲ್ಲಿನ ಮೇಲೆ ಉಜ್ಜಿ, ಕೊನೆಗೆ ಗಾಜಿನ ಚೂರೊಂದರ ಮೇಲೆ ಅಂಚನ್ನು ಕೂರಿಸಿ ಕಿಟಕಿಗೆ ಹಿಡಿಯುತ್ತಿದ್ದಳು. ನಡುವೆ ಕೂದಲೆಳೆಯಷ್ಟು ಬೆಳಕು ನುಸುಳಿದರೂ ಮತ್ತೆ ಸಾಣೆಗೆ. ಇದೇ ಕೆಲಸದಲ್ಲಿ ಇಪ್ಪತ್ತೊಂಬತ್ತು ವರ್ಷ ಸವೆಸಿದ್ದಳು. ಮನೆಯವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ದೊಡ್ಡ ಯಜಮಾನರಿಗೆ ಎದೆನೋವು ಬಂದು ಮನೆಯಲ್ಲೇ ಕೂತ ಮೇಲೆ ಮಗಳು ಬಂದರು. ಮೂವತ್ತರ ಆಸುಪಾಸು, ಚುರುಕು. ಮಾತು ಶುರುವಾಗುವುದು ಕನ್ನಡದಲ್ಲಿ, ಮುಗಿಯುವುದು ಇಂಗ್ಲಿಷಿನಲ್ಲಿ. ಎಲ್ಲರೂ ಅವರನ್ನು ಚಿಕ್ಕ ಯಜಮಾನಿ ಎನ್ನುತ್ತಿದ್ದರು. ಬಂದು ನಾಲ್ಕು ತಿಂಗಳಾದರೂ ಅವರು ಮಹಡಿಯ ಆಫೀಸು ಬಿಟ್ಟು ಕೆಳಗೆ ಹೆಚ್ಚು ಇಳಿದಿರಲಿಲ್ಲ. ಒಂದು ಗುರುವಾರ ಊಟದ ಬಿಡುವು ಮುಗಿಯುವ ಹೊತ್ತಿಗೆ ಇಳಿದು ಬಂದವರು, ಎಲ್ಲರನ್ನೂ ಕರೆಸಿ, ಒಂದು ಖಾಲಿ ಪೆಟ್ಟಿಗೆಯ ಮೇಲೆ ಹತ್ತಿ ನಿಂತರು.

"ನೋಡಿ, ಸುತ್ತಿ ಬಳಸಿ ಹೇಳೋದಿಲ್ಲ. ಹೀಗೇ ಇದ್ರೆ ನಡೆಯಲ್ಲ. ಒಂದನೇ ತಾರೀಖಿನಿಂದ ನಾವು ಪಿವಟ್ ಮಾಡ್ತಾ ಇದೀವಿ. ಯಾವುದೋ ಒಂದು ಮೂಲೇಲಿ ಅಲ್ಲ, ಇಡೀ ಫ್ಯಾಕ್ಟರಿ. ಪ್ರತಿಯೊಬ್ಬರೂ. ನನಗೆ ನಿಮ್ಮೆಲ್ಲರ ಸಹಕಾರ ಬೇಕು."

ನಲವತ್ತೆರಡು ಕಣ್ಣು ತಿರುಗಿ ಸಾಣೆಯಕ್ಕನನ್ನು ನೋಡಿದವು.

ಚಿಕ್ಕ ಯಜಮಾನಿಗೆ ಇದು ಗೊತ್ತಾಗಲಿಲ್ಲ. ಕೈಗಡಿಯಾರ ನೋಡಿಕೊಂಡು, "ವಸ್ತುಪ್ರದರ್ಶನಕ್ಕೆ ಹೊರಟಿದೀನಿ, ಹನ್ನೆರಡು ದಿನ ಬಿಟ್ಟು ಬರ್ತೀನಿ. ಅಷ್ಟರಲ್ಲಿ ಮನಸ್ಸು ಗಟ್ಟಿ ಮಾಡ್ಕೊಂಡು ತಯಾರಾಗಿರಿ," ಎಂದು ಹೇಳಿ, ಹೊರಗೆ ಕಾಯುತ್ತಿದ್ದ ಕಾರು ಹತ್ತಿ ಹೋಗಿಬಿಟ್ಟರು.

ಕಾರಿನ ಸದ್ದು ಗೇಟು ದಾಟಿತು. ಆಮೇಲೆ ತಟ್ಟೆಗಳಿಗೆ ಬಣ್ಣ ಹೊಡೆಯುವವನು ಕೇಳಿದ, "ಅಂದ್ರೆ ನಾನೂ ಪಿವಟ್ ಮಾಡಬೇಕಾ?"

"ಪ್ರತಿಯೊಬ್ಬರೂ ಅಂದ್ರಲ್ಲ. ನೀನೇನು ಮೇಲಿಂದ ಉದುರಿದವನಾ?" ಎಂದ ಮೇಸ್ತ್ರಿ.

ಮೇಸ್ತ್ರಿ ಒಳ್ಳೆಯ ಮನುಷ್ಯ. ಅವನದು ಒಂದೇ ತೊಂದರೆ. ಗೊತ್ತಿಲ್ಲ ಎನ್ನುವ ಮಾತು ಅವನ ನಾಲಿಗೆಯ ಮೇಲೆ ಬರುತ್ತಿರಲಿಲ್ಲ. ಸಾಣೆಯಕ್ಕ ಅವನನ್ನು ಪಕ್ಕಕ್ಕೆ ಕರೆದು ಕೇಳಿದಳು.

"ಮೇಸ್ತ್ರಿಗಳೇ, ಎಲ್ಲರೂ ಪಿವಟ್ ಮಾಡಿದ್ರೆ ದಂಡ ಮಾಡೋರು ಯಾರು? ತಟ್ಟೆ ಬಡಿಯೋರು ಯಾರು? ಬರೀ ಪಿವಟ್ ಇಟ್ಕೊಂಡು ಏನು ತೂಗೋದು?"

"ಮೇಲಿನವರು ಎಲ್ಲ ಯೋಚನೆ ಮಾಡಿರ್ತಾರೆ ಅಕ್ಕ. ಹೊರದೇಶದಿಂದ ಆರ್ಡರ್ ಬಂದಿರಬೇಕು. ಅವರಿಗೆ ದಂಡ ಮಾಡೋಕೆ ಬರುತ್ತೆ, ಪಿವಟ್ ಬರಲ್ಲ. ಅಷ್ಟೂ ಗೊತ್ತಾಗಲ್ವಾ?"

ಹೀಗೆ ಹೇಳಿದ ಮೇಲೆ ಅವನಿಗೇ ಅದು ನಿಜವಿರಬಹುದು ಅನ್ನಿಸಿತು. ಸಂಜೆಯೊಳಗೆ ಇಡೀ ಕಾರ್ಖಾನೆ ಹೊರದೇಶದ ಆರ್ಡರ್ ಬಗ್ಗೆ ಮಾತಾಡುತ್ತಿತ್ತು.

ಸಾಣೆಯಕ್ಕ ಮನೆಗೆ ಹೋಗುವ ದಾರಿಯುದ್ದಕ್ಕೂ ಖುಷಿಪಡುವುದೋ ಹೆದರುವುದೋ ತಿಳಿಯದೆ ನಡೆದಳು. ಇಪ್ಪತ್ತೊಂಬತ್ತು ವರ್ಷ ಯಾರೂ ತಿರುಗಿ ನೋಡದ ಮೂಲೆ ಅದು. ಈಗ ಯಜಮಾನಿ ಪೆಟ್ಟಿಗೆ ಹತ್ತಿ ಅದರ ಹೆಸರು ಹೇಳಿದ್ದರು. ಎದೆ ಉಬ್ಬಿದ್ದು ಸುಳ್ಳಲ್ಲ. ಆದರೆ ಮೇಸ್ತ್ರಿಯ ಉತ್ತರದಿಂದ ಸಮಾಧಾನವೂ ಆಗಿರಲಿಲ್ಲ.

ಗಂಡನ ಕ್ಷೌರದ ಅಂಗಡಿ ಮನೆಯ ಮುಂಭಾಗದಲ್ಲೇ ಇತ್ತು. ಅವನು ಒಬ್ಬರ ಕೆನ್ನೆಗೆ ನೊರೆ ಹಚ್ಚುತ್ತಲೇ ಎಲ್ಲ ಕೇಳಿಸಿಕೊಂಡ.

"ನಿನಗೆ ಬಡ್ತಿ ಕೊಡ್ತಾರೇನೇ ಹಾಗಾದ್ರೆ? ಎಲ್ಲರಿಗೂ ಕಲಿಸಬೇಕಲ್ಲ ನೀನು."

"ಬಡ್ತಿ ಮಾತು ಬಂದಿಲ್ಲರೀ. ಮನಸ್ಸು ಗಟ್ಟಿ ಮಾಡ್ಕೊಳ್ಳಿ ಅಂದ್ರು. ಪಿವಟ್ ಮಾಡೋಕೆ ಕೈ ಗಟ್ಟಿ ಇರಬೇಕು, ಮನಸ್ಸು ಯಾಕೆ?"

ನೊರೆಯೊಳಗಿನ ಗಿರಾಕಿಯೂ ಯೋಚನೆಗೆ ಬಿದ್ದ ಹಾಗೆ ಕಂಡಿತು.

ಪಕ್ಕದ ಬೀದಿಯಲ್ಲಿದ್ದ ನಾದಿನಿ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದಳು. ಭಾನುವಾರ ಸಾಣೆಯಕ್ಕ ಅಲ್ಲಿಗೂ ಹೋದಳು. ನಾದಿನಿ ದಪ್ಪ ನಿಘಂಟು ತೆಗೆದು ಕನ್ನಡಕ ಏರಿಸಿದಳು.

"ಪಿವಟ್. ನಾಮಪದ, ಯಾವುದರ ಮೇಲೆ ಒಂದು ವಸ್ತು ತಿರುಗುತ್ತೋ ಆ ಮೊಳೆ. ಕ್ರಿಯಾಪದ, ತಿರುಗು."

"ತಿರುಗೋದು ಯಾವುದು? ಮೊಳೆಯೋ, ಅದರ ಮೇಲಿರೋದೋ?"

"ನಾಮಪದ ಆದ್ರೆ ಮೊಳೆ ಅತ್ತಿಗೆ, ಅದು ತಿರುಗಲ್ಲ. ಕ್ರಿಯಾಪದ ಆದ್ರೆ ತಿರುಗುತ್ತೆ. ನಮ್ಮ ಶಾಲೇಲಿ ಬಾಸ್ಕೆಟ್‌ಬಾಲ್ ಆಡೋ ಹುಡುಗಿಯರಿಗೂ ಹೇಳ್ತಾರೆ. ಒಂದು ಕಾಲು ನೆಲಕ್ಕೆ ಊರಬೇಕು, ಎತ್ತಬಾರದು, ಇನ್ನೊಂದು ಕಾಲಲ್ಲಿ ಸುತ್ತ ತಿರುಗಬೇಕು. ಹೀಗೆ."

ಎದ್ದು ನಿಂತು ಸೀರೆ ಸ್ವಲ್ಪ ಎತ್ತಿ ಹಿಡಿದು ತಿರುಗಿ ತೋರಿಸಿದಳು. ಕುರ್ಚಿಗೆ ಮಂಡಿ ಬಡಿಯಿತು.

"ನಿಮ್ಮ ಯಜಮಾನಿ ಯಾವ ಅರ್ಥದಲ್ಲಿ ಅಂದ್ರು, ನಾಮಪದನೋ ಕ್ರಿಯಾಪದನೋ?"

"ಪಿವಟ್ ಮಾಡ್ತೀವಿ ಅಂದ್ರು. ನಾನು ದಿನಾ ಅದನ್ನೇ ತಾನೇ ಮಾಡೋದು?"

"ಹಾಗಾದ್ರೆ ಅದೇ ಇರಬೇಕು," ಎಂದಳು ನಾದಿನಿ ಮಂಡಿ ತಿಕ್ಕಿಕೊಳ್ಳುತ್ತ. ಸಾಣೆಯಕ್ಕ ಬಂದಾಗ ಇದ್ದದ್ದಕ್ಕಿಂತ ಹೆಚ್ಚು ಗೋಜಲು ಹೊತ್ತುಕೊಂಡು ಹೊರಟಳು.

ಸೋಮವಾರ ಅವಳು ಈ ಸಂಗತಿಯನ್ನು ಮೇಸ್ತ್ರಿಯ ಕಿವಿಗೆ ಹಾಕಿದಳು. ತಿರುಗು ಎನ್ನುವ ಅರ್ಥವೂ ಇದೆಯಂತೆ ಎಂದಾಗ ಅವನ ಮುಖ ಒಂದು ಗಳಿಗೆ ಹುಳ್ಳಗಾಯಿತು. ಚಿಕ್ಕ ಯಜಮಾನಿಗೆ ಫೋನು ಮಾಡಿದ. ಆ ಕಡೆ ಜಾತ್ರೆಯಂಥ ಗದ್ದಲ. ಮೇಸ್ತ್ರಿ ಕಿವಿಗೆ ಬೆರಳು ಚುಚ್ಚಿಕೊಂಡು ಕೂಗಿದ.

"ಮೇಡಂ, ಪಿವಟ್ ತಾನೇ? ಶುರು ಮಾಡಬಹುದಾ?"

"ಹೌದು ಹೌದು, ಪಿವಟ್ಟೇ! ಎಷ್ಟು ಬೇಗ ಶುರು ಮಾಡ್ತೀರೋ ಅಷ್ಟು ಒಳ್ಳೇದು. ಹಿಂದೆ ಸರಿಯೋ ಮಾತೇ ಇಲ್ಲ!"

ಇನ್ನೇನು ಬೇಕು? ಮೇಸ್ತ್ರಿ ಒಂದು ಗಾಡಿ ಉಕ್ಕಿನ ಸರಳು ತರಿಸಿದ, ಇಪ್ಪತ್ತೊಂದು ಸಾಣೆಕಲ್ಲು ತರಿಸಿದ. ಎಲ್ಲರಿಗೂ ಕಿಟಕಿಯ ಬೆಳಕು ಬೇಕಲ್ಲ ಎಂದು ಕೆಲಸದ ಮೇಜುಗಳನ್ನೆಲ್ಲ ಹಿಂದಿನ ಗೋಡೆಯ ಕಡೆಗೆ ತಿರುಗಿಸಿ ಹಾಕಿಸಿದ. "ತಿರುಗು ಅನ್ನೋ ಅರ್ಥವೇ ಇದ್ರೂ ಇರಲಿ, ಅದೂ ಆದ ಹಾಗಾಯ್ತು," ಎಂದು ಸಾಣೆಯಕ್ಕನಿಗೆ ಮಾತ್ರ ಕೇಳುವಂತೆ ಪಿಸುಗುಟ್ಟಿದ.

ಆಮೇಲಿನ ಒಂದು ವಾರ ಸಾಣೆಯಕ್ಕನಿಗೆ ಕೂರಲು ಪುರಸೊತ್ತಿಲ್ಲ. ಇಷ್ಟು ವರ್ಷ ತಾನೊಬ್ಬಳೇ ಕೈಯಲ್ಲಿ ಮಾಡಿದ್ದನ್ನು ಬಾಯಲ್ಲಿ ಹೇಳಬೇಕಾಗಿತ್ತು, ಹೇಳಲು ಹೋದರೆ ಮಾತು ಸಿಗುತ್ತಿರಲಿಲ್ಲ. "ಹೀಗಲ್ಲ, ಹೀಗೆ" ಎನ್ನುವುದೊಂದೇ ಅವಳ ಪಾಠ. ಬಣ್ಣದವನು ಬೆರಳು ಕೊಯ್ದುಕೊಂಡ. ತಟ್ಟೆ ಬಡಿಯುವ ಗಟ್ಟಿ ಆಳು ಪಿವಟ್ಟನ್ನು ಎಷ್ಟು ಒತ್ತಿ ಉಜ್ಜಿದನೆಂದರೆ ಕೊನೆಗೆ ಉಳಿದದ್ದು ಹಲ್ಲುಕಡ್ಡಿ. ಮೇಸ್ತ್ರಿಯ ಪಿವಟ್ಟುಗಳೆಲ್ಲ ಬಲಕ್ಕೆ ವಾಲುತ್ತಿದ್ದವು, ಅದನ್ನು ಅವನಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಆದರೂ ನಗು, ಗಲಾಟೆ, ಒಬ್ಬರ ಅಂಚನ್ನು ಇನ್ನೊಬ್ಬರು ಬೆಳಕಿಗೆ ಹಿಡಿದು ಹಂಗಿಸುವುದು. ಎಲ್ಲರೂ ಅಕ್ಕಾ ಅಕ್ಕಾ ಎಂದು ಕರೆಯುವಾಗ ಅವಳಿಗೆ ಇದು ತಪ್ಪಿರಲಿಕ್ಕಿಲ್ಲ ಅನ್ನಿಸುತ್ತಿತ್ತು. ಮನೆಗೆ ಹೋದ ಮೇಲೆ ಮತ್ತೆ ಅದೇ ಅನುಮಾನ. ತಕ್ಕಡಿಯೇ ಇಲ್ಲದ ಪಿವಟ್ಟನ್ನು ಕೊಂಡು ಯಾರು ಏನು ಮಾಡುತ್ತಾರೆ?

ಚಿಕ್ಕ ಯಜಮಾನಿ ಬಂದ ದಿನ ಬೆಳಿಗ್ಗೆ ಇಪ್ಪತ್ತೆರಡು ಜನ ಬಾಗಿಲಿಗೆ ಬೆನ್ನು ಹಾಕಿ, ಹಿಂದಿನ ಗೋಡೆ ನೋಡುತ್ತ, ಕರಕರ ಉಜ್ಜುತ್ತಿದ್ದರು. ಯಜಮಾನಿ ಹೊಸ್ತಿಲ ಮೇಲೆ ನಿಂತೇ ಬಿಟ್ಟರು.

"ಏನಿದು?"

ಮೇಸ್ತ್ರಿ ಒಂದು ತಗಡಿನ ಡಬ್ಬಿ ಎತ್ತಿಕೊಂಡು ಬಂದು ಮುಂದೆ ಹಿಡಿದ. "ನಾಲ್ಕು ನೂರರ ಮೇಲಾಗಿದೆ ಮೇಡಂ. ಒಂದನೇ ತಾರೀಖಿಗೆ ಇನ್ನೂ ಮೂರು ದಿನ ಇದೆ."

"ನಾಲ್ಕು ನೂರು ಏನು?"

"ಪಿವಟ್ಟು ಮೇಡಂ."

ಅವರು ಒಂದನ್ನು ಎತ್ತಿಕೊಂಡು ಅತ್ತಿತ್ತ ಹೊರಳಿಸಿ ನೋಡಿದರು. ಬೆರಳಿಗೆ ಚುಚ್ಚಿತು. "ಇದಕ್ಕೆ ಪಿವಟ್ ಅಂತಾರಾ?" ಎಂದು ಮೆಲ್ಲಗೆ ಕೇಳಿದರು.

ಆ ಮಾತು ಕೇಳಿದ್ದೇ ಸಾಣೆಯಕ್ಕ ಉಜ್ಜುವುದನ್ನು ನಿಲ್ಲಿಸಿ ತಿರುಗಿದಳು. ಮೇಸ್ತ್ರಿಯ ಕೈಯಲ್ಲಿದ್ದ ಡಬ್ಬಿ ತಾನಾಗಿ ಕೆಳಗಿಳಿಯಿತು.

ಚಿಕ್ಕ ಯಜಮಾನಿ ಅವಳನ್ನೂ ಮೇಸ್ತ್ರಿಯನ್ನೂ ಮಹಡಿಗೆ ಕರೆದರು. ಕೂರಿಸಿದರು. ಮೊದಲು ನಗಲು ಹೋದರು, ಇವರಿಬ್ಬರ ಮುಖ ನೋಡಿ ನಗು ಅರ್ಧಕ್ಕೇ ನಿಂತಿತು.

"ತಪ್ಪು ನನ್ನದೇ. ಪಿವಟ್ ಮಾಡೋದು ಅಂದ್ರೆ... ಈಗ ಮಾಡ್ತಿರೋ ವ್ಯಾಪಾರ ಕೈ ಹಿಡೀತಾ ಇಲ್ಲ ಅಂತಿಟ್ಕೊಳ್ಳಿ. ಅದನ್ನ ಬಿಟ್ಟು ದಾರಿ ಬದಲಾಯಿಸೋದು. ಬೇರೆ ಕಡೆಗೆ ಹೊರಳೋದು. ಈ ತಕ್ಕಡಿಗಳನ್ನ ಈಗ ಯಾರೂ ಕೇಳ್ತಾ ಇಲ್ಲ ಅಕ್ಕ. ನಾವು ಎಲೆಕ್ಟ್ರಾನಿಕ್ ತಕ್ಕಡಿ ಜೋಡಿಸಿ ಮಾರೋಣ ಅಂತ. ಭಾಗಗಳು ಹೊರಗಿಂದ ಬರುತ್ತೆ, ಯಾರ ಕೆಲಸಾನೂ ಹೋಗಲ್ಲ. ಅದನ್ನೇ ನಾನು ಹೇಳಿದ್ದು."

ಸಾಣೆಯಕ್ಕ ತಲೆಯೊಳಗೆ ಒಂದೊಂದೇ ಮಾತನ್ನು ಅದರ ಜಾಗದಲ್ಲಿ ಇಟ್ಟು ನೋಡಿದಳು. ಎಲ್ಲಿಯೂ ಕೂರಲಿಲ್ಲ.

"ಆ ಹೊಸ ತಕ್ಕಡೀಲಿ ಪಿವಟ್ ಇರುತ್ತಾ ಮೇಡಂ?"

"ಇಲ್ಲ."

"ಅಂದ್ರೆ, ಪಿವಟ್ ಮಾಡ್ತೀವಿ ಅಂದ್ರೆ ಪಿವಟ್ ಬೇಡ ಅಂತಾನಾ?"

ಚಿಕ್ಕ ಯಜಮಾನಿ ಕೈಯಲ್ಲಿದ್ದ ಪಿವಟ್ಟನ್ನು ಮೇಜಿನ ಮೇಲಿಟ್ಟರು. ಮೇಸ್ತ್ರಿ ಕಿಟಕಿಯಾಚೆ ನೋಡುತ್ತಿದ್ದ. ಜೀವನದಲ್ಲಿ ಮೊದಲ ಸಲ, "ನನಗೆ ಗೊತ್ತಿರಲಿಲ್ಲ ಮೇಡಂ," ಎಂದ. ಹಲ್ಲು ಕೀಳಿಸಿಕೊಂಡವನ ಹಾಗೆ ಅವನ ಕಣ್ಣಲ್ಲಿ ನೀರಿತ್ತು.

"ನನಗೂ ಗೊತ್ತಿರಲಿಲ್ಲ," ಎಂದರು ಚಿಕ್ಕ ಯಜಮಾನಿ. "ಅಪ್ಪ ನನ್ನನ್ನ ಕೆಳಗೆ ಕರ್ಕೊಂಡು ಹೋಗಿದ್ದೇ ಇಲ್ಲ. ಕೊಳೆಯಾಗುತ್ತೆ ಅನ್ನೋರು."

ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ. ಆ ಮಟ್ಟಿಗೆ ಮಾತು ಉಳಿಸಿಕೊಂಡರು. ದಂಡ ಮಾಡುವವರು ತಿರುಪು ಬಿಗಿಯಲು ಕಲಿತರು, ಬಣ್ಣದವನು ಹೆಸರಿನ ಪಟ್ಟಿ ಅಂಟಿಸಿದ, ಸಾಣೆಯಕ್ಕನನ್ನು ಪೆಟ್ಟಿಗೆ ಕಟ್ಟುವ ಮೇಜಿಗೆ ಹಾಕಿದರು. ಕೆಲಸ ಸುಲಭ. ತಕ್ಕಡಿಯನ್ನು ಒಂದು ಚೀಲದಲ್ಲಿ ಇಡುವುದು, ಮೇಲೊಂದು ಚೀಟಿ ಹಾಕುವುದು, ಮುಚ್ಚುವುದು. ಎರಡನೆಯ ದಿನ ಅವಳು ತಡೆಯಲಾರದೆ ಒಂದು ತಕ್ಕಡಿಯ ಬೆನ್ನು ಬಿಚ್ಚಿ ನೋಡಿದಳು. ಒಳಗೆ ಒಂದು ಲೋಹದ ಪಟ್ಟಿ, ನಾಲ್ಕು ಬಣ್ಣದ ತಂತಿ. ಭಾರ ಬಿದ್ದರೆ ಪಟ್ಟಿ ಕಣ್ಣಿಗೆ ಕಾಣದಷ್ಟು ಬಗ್ಗುತ್ತದಂತೆ, ಅಷ್ಟರಿಂದಲೇ ತೂಕ ಗೊತ್ತಾಗುತ್ತದಂತೆ. ಅವಳು ಬೆರಳಿನಿಂದ ಒತ್ತಿ ಒತ್ತಿ ನೋಡಿದಳು. ಬಗ್ಗಿದ ಹಾಗೆ ಕಾಣಲಿಲ್ಲ. ಅಂಕಿ ಮಾತ್ರ ಓಡಿತು. ಯಾವುದು ಯಾವುದರ ಮೇಲೆ ನಿಂತಿದೆ ಎಂದು ತಿಳಿಯದ ವಸ್ತುವನ್ನು ನಂಬುವುದು ಹೇಗೆಂದು ಅವಳಿಗೆ ಅರ್ಥವಾಗಲಿಲ್ಲ. ಮತ್ತೆ ಮುಚ್ಚಿ ಚೀಲಕ್ಕೆ ಹಾಕಿದಳು.

"ಬೇಜಾರೇನೇ?" ಎಂದು ಕೇಳಿದ ಗಂಡ.

"ಬೇಜಾರಲ್ಲರೀ. ಏನೋ ಕೇಳಿಸ್ಕೊಂಡಿದ್ದು ತಪ್ಪಾಗಿದೆ ಅಂತ ಇನ್ನೂ ಅನ್ನಿಸ್ತಾ ಇದೆ. ಅವರು ಮತ್ತೆ ಬಂದು ಸರಿಯಾಗಿ ಹೇಳ್ತಾರೇನೋ ಅಂತ."

ಮೂರನೆಯ ವಾರ ಗೇಟಿನ ಬಳಿ ಒಬ್ಬ ಬೀಜದ ವ್ಯಾಪಾರಿ ಬಂದು ನಿಂತ. ಕಂಕುಳಲ್ಲಿ ಟವೆಲ್ಲು ಸುತ್ತಿದ ಹಳೆಯ ತಕ್ಕಡಿ. ಈ ಕಾರ್ಖಾನೆಯದ್ದೇ. ಅವನ ತಂದೆಯ ಕಾಲದ್ದು. ಸಣ್ಣ ಬೀಜ ತೂಗುವಾಗ ಮುಳ್ಳು ನಡುವೆ ಬಂದು ನಿಲ್ಲುವುದೇ ಇಲ್ಲ, ಏನಾದರೂ ಮಾಡಿಕೊಡಿ ಎಂದ.

ಮೇಸ್ತ್ರಿ ಈಗ ಹೊಸ ಮಾತನ್ನು ಚೆನ್ನಾಗಿ ಕಲಿತಿದ್ದ. ಠೀವಿಯಿಂದಲೇ ಹೇಳಿದ, "ಅದೆಲ್ಲ ಬಿಟ್ಟುಬಿಟ್ವಿ ಸ್ವಾಮಿ. ನಾವೀಗ ಪಿವಟ್ ಮಾಡಿದೀವಿ."

"ಮಾಡಿದೀರಾ? ಸದ್ಯ!" ಎಂದ ವ್ಯಾಪಾರಿ. "ಅದೇ ಹೋಗಿರೋದು ಇದರಲ್ಲಿ. ಮೂರು ಬೇಕು, ಹಾಕಿಕೊಡಿ."

ಮೇಸ್ತ್ರಿ ಕಣ್ಣು ಕಣ್ಣು ಬಿಟ್ಟ. ಪೆಟ್ಟಿಗೆ ಕಟ್ಟುತ್ತಿದ್ದ ಸಾಣೆಯಕ್ಕ ಎದ್ದು ಬಂದು, ಏನೂ ಮಾತಾಡದೆ ಟವೆಲ್ಲು ಬಿಚ್ಚಿದಳು. ದಂಡ ಎತ್ತಿ ಉಗುರಿನಿಂದ ನಡುವಿನ ಅಂಚು ಸವರಿದಳು. ಪೂರಾ ಮೊಂಡು. ಇದು ಅವಳ ಕೈಯದಲ್ಲ, ಅವಳಿಗಿಂತ ಮೊದಲು ಆ ಕಿಟಕಿಯ ಬಳಿ ಕೂತಿದ್ದ ಯಾರದೋ ಕೈಯದು. ತಗಡಿನ ಡಬ್ಬಿ ತಂದು, ಒಂದೊಂದನ್ನೇ ಬೆಳಕಿಗೆ ಹಿಡಿದು ಮೂರು ಆರಿಸಿ, ಮತ್ತೊಮ್ಮೆ ಉಜ್ಜಿ, ಹಳೆಯದನ್ನು ಬಡಿದು ತೆಗೆದು ಹೊಸದು ಕೂರಿಸಿದಳು. ಮುಳ್ಳು ಎರಡು ಸಲ ಓಲಾಡಿ ನಡುವೆ ನಿಂತಿತು. ವ್ಯಾಪಾರಿ ಜೇಬಿನಿಂದ ಒಂದು ಚಿಟಿಕೆ ಬೀಜ ತೆಗೆದು ಹಾಕಿದ, ತಕ್ಕಡಿ ಕೂಡಲೇ ತಲೆಬಾಗಿತು. "ನಮ್ಮ ಅಂಗಡಿ ಸಾಲಿನಲ್ಲೇ ಇಂಥವು ಏಳೆಂಟು ಇವೆಯಮ್ಮ, ಯಾರಿಗೂ ರಿಪೇರಿ ಮಾಡೋರು ಸಿಕ್ತಾ ಇಲ್ಲ," ಎಂದು ಹೇಳಿ ಹೋದ.

ಸಾಣೆಯಕ್ಕ ಕೈ ಒರೆಸಿಕೊಂಡು ನೇರ ಮಹಡಿ ಹತ್ತಿದಳು. ಹತ್ತೊಂಬತ್ತು ಮೆಟ್ಟಿಲು ಹತ್ತುವುದರೊಳಗೆ ಹೇಳಬೇಕಾದ್ದನ್ನು ಮೂರು ಸಲ ಮರೆತಳು.

"ಮೇಡಂ, ನಾನು ಪಿವಟ್ ಮಾಡ್ತೀನಿ."

ಚಿಕ್ಕ ಯಜಮಾನಿ ಪೆನ್ನು ಕೆಳಗಿಟ್ಟರು. "ಅಕ್ಕ, ಅದು ಬೇಡ ಅಂತ ಆಯ್ತಲ್ಲ."

"ನಾನು ಹೇಳಿದ್ದು ನಿಮ್ಮ ಪಿವಟ್. ದಾರಿ ಬದಲಾಯಿಸೋದು. ಹೊಸ ತಕ್ಕಡಿಗೆ ಪಿವಟ್ ಮಾಡೋದು ಬಿಡ್ತೀನಿ. ಹಳೇ ತಕ್ಕಡಿ ರಿಪೇರಿ ಮಾಡ್ತೀನಿ. ಅದಕ್ಕೆ ಪಿವಟ್ ಬೇಕು. ಆದ್ರೆ ಇದು ಆ ಪಿವಟ್ ಅಲ್ಲ... ಅಂದ್ರೆ ಪಿವಟ್ ಅದೇ, ಪಿವಟ್ ಮಾಡೋದು ಬೇರೆ." ಅವಳಿಗೇ ಉಸಿರು ಕಟ್ಟಿತು. "ನನಗೆ ಆ ಕಿಟಕಿ ವಾಪಸ್ ಕೊಡಿ ಮೇಡಂ, ಸಾಕು."

ಚಿಕ್ಕ ಯಜಮಾನಿ ಈ ಸಲ ನಕ್ಕರು, ಸಾಣೆಯಕ್ಕನೂ ನಕ್ಕಳು. ಇಬ್ಬರಿಗೂ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಕಿಟಕಿಯಂತೂ ಸಿಕ್ಕಿತು.

ಡಬ್ಬಿಯ ನಾಲ್ಕು ನೂರರಲ್ಲಿ ಕೆಲಸಕ್ಕೆ ಬರುವಂಥವು ಅರವತ್ತು ಇದ್ದರೆ ಹೆಚ್ಚು. ಉಳಿದವನ್ನೆಲ್ಲ ಅವಳು ಮತ್ತೆ ಸಾಣೆ ಹಿಡಿಯಬೇಕಾಯಿತು. ಯಾವುದು ಯಾರದೆಂದು ನೋಡಿದ ಕೂಡಲೇ ತಿಳಿಯುತ್ತಿತ್ತು. ಮೇಸ್ತ್ರಿಯವು ಎಂಬತ್ತೇಳು. ಒಂದು ದಿನ ನಾಲ್ಕು ತಕ್ಕಡಿ ಬರುತ್ತಿದ್ದವು, ಆಮೇಲೆ ವಾರವಿಡೀ ಒಂದೂ ಇಲ್ಲ. ಇದು ನಡೆಯುತ್ತದೋ ನಿಲ್ಲುತ್ತದೋ ಅವಳಿಗೂ ಹೊಳೆಯುತ್ತಿರಲಿಲ್ಲ. ಬಿಡುವಿದ್ದಾಗ ಚಿಕ್ಕ ಯಜಮಾನಿ ಕೆಳಗಿಳಿದು ಬಂದು ಅವಳ ಪಕ್ಕ ಸ್ಟೂಲು ಎಳೆದುಕೊಂಡು ಕೂರುತ್ತಿದ್ದರು. ಒಮ್ಮೆ ತಾವೂ ಒಂದು ಉಜ್ಜಿದರು, ಅದು ಬೆಳಕಿನಲ್ಲಿ ಬಾಚಣಿಗೆಯ ಹಾಗೆ ಕಂಡಿತು.

ಐದು ತಿಂಗಳ ಮೇಲೆ ಔಷಧ ತಯಾರಿಸುವ ಒಂದು ಕಂಪನಿಯಿಂದ ಮೂವತ್ತು ಹಳೆಯ ತಕ್ಕಡಿಗಳು ಒಟ್ಟಿಗೆ ರಿಪೇರಿಗೆ ಬಂದವು. ಚಿಕ್ಕ ಯಜಮಾನಿ ಖುಷಿಯಿಂದ ಎಲ್ಲರನ್ನೂ ಮತ್ತೆ ಕರೆಸಿ, ಅದೇ ಥರದ ಇನ್ನೊಂದು ಪೆಟ್ಟಿಗೆ ಹತ್ತಿದರು.

"ರಿಪೇರಿ ಕೆಲಸ ಕೈಹಿಡೀತಾ ಇದೆ. ಇನ್ಮುಂದೆ ಇದನ್ನ ನಾವು ಸ್ಕೇಲ್ ಮಾಡಬೇಕು!"

ಬಣ್ಣದವನು ಪಕ್ಕದವನಿಗೆ, "ಸ್ಕೇಲ್ ಅಂದ್ರೆ ತಕ್ಕಡಿ ತಾನೇ? ಮತ್ತೆ ಮಾಡೋದಾ?" ಎಂದ. ಪಕ್ಕದವನು, ಅಲ್ಲ, ಗೆರೆ ಎಳೆಯುವ ಪಟ್ಟಿ ಎಂದ. ಮೇಸ್ತ್ರಿ ತನ್ನ ಪಾಡಿಗೆ ಜೇಬಿನಿಂದ ಚೀಟಿ ತೆಗೆದು ಎಷ್ಟು ತಗಡು ಬೇಕಾದೀತು ಎಂದು ಬರೆಯಲು ಶುರು ಮಾಡಿದ್ದ.

ಸಾಣೆಯಕ್ಕ ಎಣ್ಣೆಗೈಯನ್ನು ಮೇಲೆತ್ತಿದಳು.

"ಮೇಡಂ, ಒಂದು ನಿಮಿಷ. ಅದು ನಾಮಪದನಾ, ಕ್ರಿಯಾಪದನಾ?"

ಚಿಕ್ಕ ಯಜಮಾನಿ ಸುತ್ತ ಎಲ್ಲರ ಮುಖ ನೋಡಿದರು. ಪೆಟ್ಟಿಗೆಯಿಂದ ಕೆಳಗಿಳಿದರು. "ಮೇಸ್ತ್ರಿಗಳೇ, ಏನೂ ಬರ್ಕೋಬೇಡಿ," ಎಂದು ಒಂದು ಸ್ಟೂಲು ಎಳೆದುಕೊಂಡು ಕೂತು, ರಿಪೇರಿ ಕೆಲಸವನ್ನು ದೊಡ್ಡದಾಗಿ ಬೆಳೆಸುವ ಮಾತನ್ನು ಮೊದಲಿಂದ, ಕನ್ನಡದಲ್ಲಿ ಹೇಳತೊಡಗಿದರು.